ಡಾಕ್ಟರು ಹೊತ್ತುಕೊಂಡ ಮುನಿಸು

ನಂಜುಂಡಯ್ಯ ಡಾಕ್ಟರು ಮೈಕ್ರೋಸ್ಕೋಪಿಗೆ ಒಂದು ಕಣ್ಣಿಟ್ಟರೆ ಇನ್ನೊಂದನ್ನು ಮುಚ್ಚುತ್ತಿರಲಿಲ್ಲ. ತೆರೆದ ಆ ಕಣ್ಣು ಏನನ್ನೂ ನೋಡುವುದಿಲ್ಲವಂತೆ. ಎದುರು ಬೆಂಚಿನಲ್ಲಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡ ನನಗೆ ಮಾತ್ರ, ಅದು ನನ್ನನ್ನೇ ನೋಡುತ್ತಿದೆ, ಕೇಳಬಾರದ್ದನ್ನು ಹೇಳಲು ಹವಣಿಸುತ್ತಿದೆ ಅನ್ನಿಸುತ್ತಿತ್ತು.

ಐವತ್ತರ ದಶಕದ ಕೊನೆ. ನಮ್ಮ ಯಜಮಾನರಿಗೆ ಶಿವನಿ ಸ್ಟೇಷನ್ನಿನಲ್ಲಿ ಕೆಲಸ, ಡಾಕ್ಟರ ಷಾಪು, ಅಂದರೆ ಕ್ಲಿನಿಕ್ಕು, ತರೀಕೆರೆಯಲ್ಲಿ. ಮಗಳು ಗೌರಿಗೆ ಪದೇ ಪದೇ ಬಾಯಿಹುಣ್ಣು ಅಂತ ಕರೆದುಕೊಂಡು ಹೋದಾಗ ಅವರು ರಕ್ತ ನೋಡಿ, "ಬಿಳಿ ಕಣ ಕಮ್ಮಿ ಕಣಮ್ಮ. ಅದು ಇವಳ ಜಾಯಮಾನ, ರೋಗ ಅಲ್ಲ. ಆದ್ರೂ ಆಗಾಗ ನೋಡ್ತಿರೋಣ" ಅಂದಿದ್ದರು. ಹಾಗಾಗಿ ಕೆಲವು ತಿಂಗಳಿಗೊಮ್ಮೆ ರೈಲು ಹತ್ತಿ ಬೆರಳು ಚುಚ್ಚಿಸಿಕೊಂಡು ಬರುವುದು ನಮ್ಮ ಪಾಲಿಗೆ ಬಂದಿತ್ತು. ಅಳುವ ಮಕ್ಕಳನ್ನು ಅವರು ರಮಿಸುತ್ತಿರಲಿಲ್ಲ. "ಅಳು, ಇನ್ನೂ ಜೋರಾಗಿ ಅಳು. ರಕ್ತ ಚೆನ್ನಾಗಿ ಬತ್ತದೆ" ಅನ್ನುತ್ತಿದ್ದರು. ಹಟಕ್ಕೆ ಬಿದ್ದ ಮಕ್ಕಳು ತಟ್ಟನೆ ಬಾಯಿ ಮುಚ್ಚುತ್ತಿದ್ದವು.

ಒಂದು ಬೇಸಿಗೆ ನಮ್ಮತ್ತೆಯೂ ಜೊತೆಗೆ ಬಂದಿದ್ದರು. ಡಾಕ್ಟರು ನೋಡಿದರು, ಮತ್ತೆ ಚುಚ್ಚಿ ಮತ್ತೆ ನೋಡಿದರು.

"ಮಗೂಗೆ ಈಚೆಗೆ ಜ್ವರ ಗಿರ ಬಂದಿತ್ತಾ?"

"ಎಂಥದೂ ಇಲ್ಲ ಸ್ವಾಮಿ" ಅಂದರು ಅತ್ತೆ. ನಾನೂ ತಲೆಯಾಡಿಸಿದೆ.

"ಬಿಳಿ ಕಣ ಅರ್ಧಕ್ಕರ್ಧ ಇಳಿದುಬಿಟ್ಟಿದೆ. ಬೆಂಗಳೂರಿಗೆ ಹೋಗಿ. ಮೂಳೆಗೆ ಸೂಜಿ ಹಾಕಿ ಮಜ್ಜೆ ನೋಡಬೇಕು."

ಯಾವ ರೋಗ ಅಂತ ಅವರು ಹೇಳಲಿಲ್ಲ. ಕೇಳುವ ಧೈರ್ಯ ನನಗಿರಲಿಲ್ಲ. ಗೌರಿಯ ತಲೆಯನ್ನು ಎದೆಗೆ ಒತ್ತಿಕೊಂಡೆ.

ಅತ್ತೆ ಮೆಲ್ಲಗೆ ಕೇಳಿದರು: "ಶುಕ್ರವಾರ ಕಳೆದ ಮೇಲೆ ಹೋದ್ರೆ ಆಗಾಕಿಲ್ವಾ? ಅಮ್ಮನಿಗೆ ಮೊಸರನ್ನದ ಎಡೆ ಇನ್ನೂ ಇಟ್ಟಿಲ್ಲ."

"ಯಾವ ಅಮ್ಮ?"

ಅತ್ತೆ ತುಟಿ ಕಚ್ಚಿಕೊಂಡರು. ಹದಿನೈದು ದಿನದ ಹಿಂದೆ ಗೌರಿಗೆ ದಡಾರ ಎದ್ದಿತ್ತು. ಮೈ ಕೆಂಡವಾಗಿತ್ತು. ಬಾಗಿಲಿಗೆ ಬೇವು ಕಟ್ಟಿದ್ದೆವು. ನಮ್ಮಲ್ಲಿ ಅದನ್ನು ಜ್ವರ ಅನ್ನುವಂತಿಲ್ಲ, ಕಾಯಿಲೆ ಅನ್ನುವಂತಿಲ್ಲ. ಅಮ್ಮ ಬಂದಿದ್ದಾಳೆ ಅನ್ನಬೇಕು. ಜ್ವರ ಅಂದರೆ ಅವಳು ಮುನಿದು ಮತ್ತೆ ಬರುತ್ತಾಳೆ. ಡಾಕ್ಟರು ಜ್ವರ ಅಂತ ಕೇಳಿದಾಗ ನನಗೂ ಅದು ನೆನಪಿಗೇ ಬರಲಿಲ್ಲ.

ಕಡೆಗೆ ಅತ್ತೆಯೇ ದಡಾರದ ಮಾತು ಆಡಿದರು. ಡಾಕ್ಟರು ಬೈಯುತ್ತಾರೆ ಅಂದುಕೊಂಡೆ. ಅವರು ಕುರ್ಚಿಗೆ ಒರಗಿ ಉಸಿರು ಬಿಟ್ಟರು. "ದಡಾರ ಬಂದು ಹೋದ ಮೇಲೆ ಬಿಳಿ ಕಣ ಇಳಿಯೋದುಂಟು. ಇದೂ ಅದೇ ಇರಬಹುದು, ಖಾತ್ರಿ ಹೇಳಲಾರೆ. ಒಂದು ತಿಂಗಳು ಬಿಟ್ಟು ನೋಡಿ ಆಮೇಲೆ ಬೆಂಗಳೂರಿನ ಮಾತು."

"ನಾನು ಆಡಿಬಿಟ್ಟೆನಲ್ಲ ಸ್ವಾಮಿ, ಅವಳು ಮುನಿದ್ರೆ?" ಅತ್ತೆಯ ಕಣ್ಣಲ್ಲಿ ನೀರು.

"ಮುನಿದ್ರೆ ನನ್ನ ಮೇಲೆ ಮುನೀಲಿ ಬಿಡಿ ತಾಯಿ. ಕೇಳಿದೋನು ನಾನಲ್ವಾ?"

ಆ ತಿಂಗಳೆಲ್ಲ ಮಗು ಸೀನಿದರೂ ನನಗೆ ಜೀವ ಹಾರಿಹೋಗುತ್ತಿತ್ತು. ಕಡೆಗೆ ಹೋಗಿ ನೋಡಿಸಿದಾಗ ಬಿಳಿ ಕಣ ಮೊದಲಿನ ಮಟ್ಟಕ್ಕೆ ಬಂದಿತ್ತು. "ಇವಳ ಜಾಯಮಾನಕ್ಕೆ ಇವಳು ಬಂದಳು" ಅಂತ ಡಾಕ್ಟರು ಗೌರಿಯ ಕೆನ್ನೆ ತಟ್ಟಿದರು. ಅವರನ್ನು ನಾನು ನೋಡಿದ್ದು ಅದೇ ಕೊನೆ.

ಮಳೆಗಾಲ ಮುಗಿಯುವಷ್ಟರಲ್ಲಿ ಸುದ್ದಿ ಬಂತು. ಡಾಕ್ಟರು ಷಾಪಿನಲ್ಲಿ ಕೂತಿದ್ದ ಹಾಗೇ ಎದೆನೋವು ಬಂದು ಹೋಗಿಬಿಟ್ಟರಂತೆ. ಅತ್ತೆ, "ನಮ್ಮ ಕೂಸಿಗೆ ಬರೋದನ್ನ ಅವರು ತಗಂಡ್ರು ಕಣೇ" ಅಂದರು.

ಹಾಗೆಲ್ಲ ಇಲ್ಲ ಅತ್ತೆ ಅನ್ನಬೇಕು ಅಂತ ಬಾಯಿ ತೆರೆದವಳು, ಅಂಗಳದಲ್ಲಿ ಆಡುತ್ತಿದ್ದ ಗೌರಿಯನ್ನು ಓಡಿಹೋಗಿ ಎತ್ತಿಕೊಂಡೆ.