ಹೊರಗಿನ ನಲ್ಲಿ

ಫತೇಗಂಜಿನಲ್ಲಿರುವ ನಮ್ಮ ಹೋಟೆಲಿನ ಹೊರಗಿನ ನಲ್ಲಿಯ ಕೆಳಗೆ ಇವತ್ತು ಕೈ ಒಡ್ಡಿದಾಗ ಒದ್ದೆ ಪ್ಲಾಸ್ಟರಿನ ವಾಸನೆ ಎದ್ದಿತು. ಆ ವಾಸನೆಗೆ ಒಮ್ಮೆಲೇ ಎರಡು ಜಡೆಯ ಹುಡುಗಿಯಾದೆ.

ಅಪ್ಪ ಕುಂದಾಪುರದಿಂದ ಇಷ್ಟು ದೂರದ ಈ ಊರಿಗೆ ಬಂದು ವಿಶ್ವವಿದ್ಯಾಲಯದ ಗೇಟಿನೆದುರು ದೋಸೆ ಕಾವಲಿ ಇಟ್ಟವರು. ದೊಡ್ಡ ಗುಮ್ಮಟದ ಆ ಕ್ಯಾಂಪಸ್ಸಿನೊಳಗೆ ಅವರು ಕಾಲಿಟ್ಟದ್ದು ಕಡಿಮೆ. ಆದರೆ ಇಡೀ ಕ್ಯಾಂಪಸ್ಸೇ ದಿನಾ ಅವರೆದುರು ಕೈ ತೊಳೆಯುತ್ತಿತ್ತು, ಏಕೆಂದರೆ ಗಲ್ಲಾದ ಪಕ್ಕದಲ್ಲೇ ಬೇಸಿನ್. ಗ್ರೀಸ್ ಮೆತ್ತಿದ ಕೈ ಇಂಜಿನಿಯರಿಂಗಿನದು, ಹಳದಿ ಕಲೆ ಹೋಗದ ಬೆರಳು ಕೆಮಿಸ್ಟ್ರಿಯದು, ದೋಸೆ ಬರುವ ತನಕ ಮೇಜಿನ ಮೇಲೆ ತಾಳ ಹಾಕುವುದು ಸಂಗೀತದ್ದು. ವಿಶ್ವವಿದ್ಯಾಲಯದ ಇಷ್ಟು ಒಳ್ಳೆಯ ಪರಿಚಯ ಯಾವ ವೆಬ್‌ಸೈಟಿನಲ್ಲೂ ಇಲ್ಲ.

ಮೊಣಕೈವರೆಗೆ ಬಿಳಿ ಬಳಿದುಕೊಂಡು ಬರುವ ಫೈನ್ ಆರ್ಟ್ಸಿನ ಶಿಲ್ಪಿಗಳಿಗೆ ಮಾತ್ರ ಬೇಸಿನ್ ಇಲ್ಲ. ಪ್ಲಾಸ್ಟರ್ ಪೈಪಿನೊಳಗೆ ಗಟ್ಟಿಯಾಗಿ ನೀರು ಕಟ್ಟುತ್ತಿತ್ತು. "ಫೈನ್ ಆರ್ಟ್ಸ್‌ವಾಲೇ ಬಾಹರ್" ಎಂದು ಅಪ್ಪ ಕೂತಲ್ಲಿಂದಲೇ ಹೊರಗಿನ ನಲ್ಲಿಯತ್ತ ಬೆರಳು ಮಾಡುತ್ತಿದ್ದರು.

ಒಂದು ದಿನ ಎರಡೂ ಅಂಗೈ ಚಾಚಿ ಕೇಳಿದೆ, "ನಂದು ಯಾವುದಪ್ಪಾ?"

ಅಪ್ಪ ಮಗುಚಿ ಮಗುಚಿ ನೋಡಿದರು. "ಇನ್ನೂ ಖಾಲಿ ಉಂಟು. ಎಂಥ ಬೇಕಾದ್ರೂ ಬರಬಹುದು. ಸದ್ಯಕ್ಕೆ ಜಲೇಬಿಯ ಅಂಟು ಉಂಟು, ತೊಳ್ಕೊಂಡು ಬಾ."

ಈಗ ನಾನು ಅದೇ ಕ್ಯಾಂಪಸ್ಸಿನಲ್ಲಿ ಶಿಲ್ಪಕಲೆ ಕಲಿಸುತ್ತೇನೆ. ಇವತ್ತು ಕ್ಲಾಸು ಮುಗಿಸಿ, ಹಸಿದು ಬಂದವಳು ಸೀದಾ ಬೇಸಿನ್ನಿನತ್ತ ನಡೆದೆ. ಅಪ್ಪನಿಗೆ ವಯಸ್ಸಾಗಿದೆ, ಆದರೆ ಗಲ್ಲಾ ಬಿಟ್ಟಿಲ್ಲ. ಅವರು ನನ್ನ ಮುಖ ನೋಡಲಿಲ್ಲ, ಕೈ ನೋಡಿದರು.

"ಫೈನ್ ಆರ್ಟ್ಸ್‌ನವರು ಹೊರಗೆ."