ಫಿಲೊಮೀಸ್‌ಗೆ ಬಂದ ಎರಡನೇ ಕಾಯಿಲೆ

ಹೈಟಿಯ ಜಕ್ಮೆಲ್ ಊರಿನ ನಮ್ಮ ಓಣಿಯಲ್ಲಿ ಮೆಕ್ಕೆಜೋಳದ ಸಿಹಿಗಂಜಿ ಮಾರುವ ಫಿಲೊಮೀಸ್‌ಗೆ ಎಚ್‌ಐವಿ ಇರುವುದು ನನಗೊಬ್ಬಳಿಗೇ ಗೊತ್ತಿತ್ತು. ನಾನೂ ಅದೇ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವವಳು. ಉಳಿದವರು ಯಾತಕ್ಕೆ ಗುಳಿಗೆ ಎಂದರೆ, ಸಕ್ಕರೆ ಕಾಯಿಲೆ ಎನ್ನುತ್ತಿದ್ದಳು. ಸಕ್ಕರೆ ಕಾಯಿಲೆಯವಳ ಕೈಯ ಗಂಜಿ ಕುಡಿಯುತ್ತಾರೆ, ನಮ್ಮಂಥವರದನ್ನು ಮೂಸಿಯೂ ನೋಡುವುದಿಲ್ಲ. ಈ ಸುಳ್ಳಿಗಾಗಿ, ಪಾಪ, ಹನ್ನೊಂದು ವರ್ಷ ತಾನು ಕಾಸಿದ ಗಂಜಿಯನ್ನು ಯಾರೆದುರೂ ಬಾಯಿಗಿಡಲಿಲ್ಲ.

ಮೂರು ವರ್ಷದ ಹಿಂದೆ ಗಲಾಟೆಯಾಗಿ ರಾಜಧಾನಿಯ ದಾರಿ ಮುಚ್ಚಿತು. ಅಂಗಡಿಗೆ ಔಷಧಿ ಬರುವುದು ನಿಂತಿತು. ಪಕ್ಕದ ಮನೆಯ ಕ್ಲೆರ್ಜಿನ್ ಫಿಲೊಮೀಸ್ ಹತ್ತಿರ ಬಂದಳು. ಅವಳ ತಾಯಿಗೆ ಇದ್ದದ್ದು ನಿಜವಾದ ಸಕ್ಕರೆ ಕಾಯಿಲೆ.

"ಅಮ್ಮನ ಗುಳಿಗೆ ಮುಗ್ದೋಗಿದೆ ಅಕ್ಕ. ನಿನ್ ಹತ್ರ ಡಬ್ಬಿ ತುಂಬ ಇದ್ಯಲ್ಲ, ನಾಲ್ಕು ಕೊಡು."

"ನಂಗೇ ಸಾಲಲ್ಲ ಕಣೇ."

"ನಾಲ್ಕು ಗುಳಿಗೆಗೂ ಜಿಪುಣತನಾನಾ?"

ಇನ್ನೇನು ಹೇಳಿಯಾಳು? ಆ ಗುಳಿಗೆಯನ್ನು ಮುದುಕಿಗೆ ಕೊಡುವಂತಿಲ್ಲ, ಯಾಕೆಂದು ಹೇಳುವಂತೆಯೂ ಇಲ್ಲ. ಕೆಲವು ತಿಂಗಳಲ್ಲಿ ಮುದುಕಿಯ ಪಾದ ಕೊಳೆತು, ಕತ್ತರಿಸಿದರು. ಕ್ಲೆರ್ಜಿನ್ ಮಾತು ಬಿಟ್ಟಳು. ಎಲ್ಲ ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ. ಆ ನಾಚಿಕೆ ನನಗೆ ಇನ್ನೂ ಇದೆ.

ಈ ವರ್ಷ ಫಿಲೊಮೀಸ್‌ಗೆ ಸಕ್ಕರೆ ಕಾಯಿಲೆ ನಿಜಕ್ಕೂ ಬಂತು. "ಎಚ್‌ಐವಿ ಇದ್ದೂ ಇಷ್ಟು ವರ್ಷ ಬದುಕಿ ಉಳಿದವರಿಗೆ ಇದೂ ಬರುತ್ತಮ್ಮ," ಎಂದರಂತೆ ಡಾಕ್ಟರು. ಹಳೆಯ ಗುಳಿಗೆ ಪುಕ್ಕಟೆ, ಇದನ್ನು ಮಾತ್ರ ಹೊರಗೆ ಕೊಳ್ಳಬೇಕು.

"ಸಾಕಾಗಿದೆ ಕಣೇ," ಎಂದಳು ನನ್ನೆದುರು. "ಒಂದರಿಂದ ತಪ್ಪಿಸ್ಕೊಂಡ್ರೆ ಇನ್ನೊಂದು."

ಅದೇ ಹೊತ್ತಿಗೆ ದಾರಿ ಮತ್ತೆ ಮುಚ್ಚಿತು. ಫಿಲೊಮೀಸ್ ತನ್ನ ಹೊಸ ಗುಳಿಗೆಗಳಲ್ಲಿ ಅರ್ಧದಷ್ಟನ್ನು ಕಾಗದದಲ್ಲಿ ಕಟ್ಟಿಕೊಂಡು ಕ್ಲೆರ್ಜಿನ್ ಮನೆಗೆ ಹೊರಟಳು. ನಾನೂ ಹಿಂದೆ ಹೋದೆ.

"ಅಮ್ಮನ ಕಾಲು ಹೋದ್ಮೇಲೆ ಈಗ ಕರುಣೆ ಉಕ್ಕಿತಾ?" ಎಂದಳು ಕ್ಲೆರ್ಜಿನ್.

"ನಂಗೆ ಸಕ್ಕರೆ ಕಾಯಿಲೆ ಬಂದಿದ್ದೇ ಈಗ," ಎಂದಳು ಫಿಲೊಮೀಸ್.



"ಹಂಗಾದ್ರೆ ಅವತ್ತು ಡಬ್ಬೀಲಿ ಇದ್ದಿದ್ದು?"

"ಏಡ್ಸ್ ಗುಳಿಗೆ."

"ಅವತ್ತೇ ಹೇಳ್ಬಾರ್ದಿತ್ತಾ ಅಕ್ಕ?"

"ಹೇಳಿದ್ರೆ, ಮಾರನೇ ದಿನ ನನ್ ಕೈ ಗಂಜಿ ಕುಡೀತಿದ್ಯಾ?"

ಕ್ಲೆರ್ಜಿನ್ ಕಾಗದದ ಪೊಟ್ಟಣ ತೆಗೆದುಕೊಂಡಳು. ಒಳಗೆ ತಾಯಿ ಮಲಗಿದ್ದ ಕಡೆ ನೋಡಿದಳು.

"ಇಲ್ಲ," ಎಂದಳು.