ವಡಾಲದ ನೀರಿನಲ್ಲಿ ನಿಂತ ಲೋಕಲ್

ಕೊರೊನಾ ಕಳೆದು ಲೋಕಲ್ ರೈಲುಗಳು ಮತ್ತೆ ತುಂಬಿ ಓಡತೊಡಗಿದ ವರ್ಷ ನಾನು ಹಾರ್ಬರ್ ಲೈನಿನ ವಡಾಲದಲ್ಲಿ ಸೆಕ್ಷನ್ ಎಂಜಿನಿಯರ್. ಹಳಿಗಳ ಜವಾಬ್ದಾರಿ ನನ್ನದು. ಮಳೆಗಾಲ ಬಂತೆಂದರೆ ಅಲ್ಲಿ ಹಳೆಯ ಪಾಡು: ಸಮುದ್ರದಲ್ಲಿ ಉಬ್ಬರ, ಮೇಲೆ ಜಡಿಮಳೆ, ಹಳಿ ಮುಳುಗಿ ಲೋಕಲ್ ಬಂದ್. ನೀರು ಹಳಿಗಿಂತ ಮೇಲೇರಿದರೆ ಡಬ್ಬಿಗಳ ಕೆಳಗಿರುವ ಮೋಟಾರು ಕೆಡುತ್ತದೆ.

ಆ ಬೇಸಿಗೆಯಲ್ಲಿ ಜಲ್ಲಿ ತುಂಬಿ ಹಳಿಗಳನ್ನು ಎತ್ತರಿಸಿದೆವು, ಅವುಗಳ ಅಡಿಯ ಮೋರಿಯನ್ನು ಅಗಲ ಮಾಡಿದೆವು. ಕೆಲಸಕ್ಕೆ ವಿಜಯಪುರದ ಕಡೆಯ ಕೂಲಿಗಳ ಗ್ಯಾಂಗ್, ಅದರ ಮುಖ್ಯಸ್ಥ ಮುಕಾದಮ ಬಸಪ್ಪ. ಧಾರವಾಡದವಳೆಂದು ನನ್ನನ್ನು ‘ಅಕ್ಕಾರ’ ಎಂದೇ ಕರೆಯುತ್ತಿದ್ದ. “ಸಮುದ್ರದ ಜೊತೆ ಹಟ ಮಾಡ್ತೀರಾ?” ಎಂದು ನಮ್ಮ ಮೇಲಧಿಕಾರಿ ನಕ್ಕಿದ್ದರು.

ಜುಲೈನ ಒಂದು ಬೆಳಿಗ್ಗೆ ಉಬ್ಬರ, ಮಳೆ ಎರಡೂ ಒಟ್ಟಿಗೇ ಬಂದವು. ಸ್ಟೇಷನ್ನಿಗೆ ಸ್ವಲ್ಪ ಹಿಂದೆ, ಹಳಿಯ ಸುತ್ತ ನೀರು ಕಂಡು ಒಂದು ಲೋಕಲ್ ನಿಂತುಬಿಟ್ಟಿತು. ಆಫೀಸಿಗೆ ಹೊರಟ ಜನ ಬಾಗಿಲುಗಳಲ್ಲಿ ಕಿಕ್ಕಿರಿದು, ಕೆಳಗೆ ಹಾರಲು ತಯಾರಾಗಿದ್ದರು. ಹಳಿಯ ಪಕ್ಕದ ಗಟಾರ ನೀರಿನಡಿ ಕಾಣುತ್ತಿರಲಿಲ್ಲ, ಅದರಲ್ಲಿ ಕಾಲಿಟ್ಟರೆ ಕೊಚ್ಚಿಹೋಗುವುದು ಖಂಡಿತ. ಫೋನಿನಲ್ಲಿ ಕಂಟ್ರೋಲ್ ರೂಮಿನವರು ಹೇಳಿದರು: “ಹಳಿ ಸುರಕ್ಷಿತ ಅಂತ ನೀವು ಹೇಳಿದರೆ ಗಾಡಿ ಬಿಡುತ್ತೇವೆ. ಇಲ್ಲವಾದರೆ ಲೈನ್ ಬಂದ್.”

ಬಸಪ್ಪ ಮತ್ತು ನಾನು ಸ್ಟೇಷನ್ನಿನಿಂದ ಗಾಡಿಯವರೆಗೆ ಕೋಲೂರಿ ನೋಡುತ್ತ ನಡೆದೆವು.

“ನೀರು ಹಳಿ ಮ್ಯಾಲ ಬಂದಿಲ್ರಿ ಅಕ್ಕಾರ. ಎಲ್ಲೂ ಕುಸಿದಿಲ್ಲ.”

“ಮೋರಿ?”

“ನೀರು ಜಗ್ಗಿ ಎಳ್ಕೊಳ್ಳಾಕತ್ತೈತ್ರಿ.”

ನಮ್ಮ ಕನ್ನಡ ಕೇಳಿ ಲೇಡೀಸ್ ಡಬ್ಬಿಯ ಹೆಂಗಸೊಬ್ಬಳು ಕೂಗಿದಳು: “ಮೇಡಂ, ಗಾಡಿ ಹೋಗ್ತದೋ ಇಲ್ಲೋ? ನಾವು ಇಳೀತೀವಿ!”

“ಇಳೀಬ್ಯಾಡ್ರೀ! ನಾ ಮುಂದ ನಡೀತೀನಿ, ಗಾಡಿ ನನ್ನ ಹಿಂದ ಬರ್ತೈತಿ.”

ಅವಳು ಹಿಂದೆ ತಿರುಗಿ, “ಕೋಯಿ ಮತ್ ಉತರೋ, ಗಾಡಿ ಚಲೇಗಿ!” ಎಂದು ಅಬ್ಬರಿಸಿದಳು. ಯಾರೂ ಇಳಿಯಬೇಡಿ, ಗಾಡಿ ಹೊರಡುತ್ತದೆ ಎಂಬ ಆ ಮಾತು ಡಬ್ಬಿಯಿಂದ ಡಬ್ಬಿಗೆ ಹೋಯಿತು. ಚಾಚಿದ ಕಾಲುಗಳು ಒಳಗೆ ಸರಿದವು.

ಕಂಟ್ರೋಲ್‌ಗೆ ಒಪ್ಪಿಗೆ ಕೊಟ್ಟು, ಹಸಿರು ಬಾವುಟ ಹಿಡಿದು ಮುಂದೆ ನಡೆದೆ. ಹಿಂದೆ ಗಾಡಿ ನಡಿಗೆಯ ವೇಗದಲ್ಲಿ ಬಂತು. ಕೊನೆಯ ಡಬ್ಬಿಯೂ ಪ್ಲಾಟ್‌ಫಾರ್ಮಿಗೆ ಸೇರಿದಾಗ ಜನ ಚಪ್ಪಾಳೆ ತಟ್ಟಿದರು, ಮೋಟರ್‌ಮನ್ ಉದ್ದಕ್ಕೆ ಹಾರ್ನ್ ಬಾರಿಸಿದ. ಬಸಪ್ಪ ಕೋಲೆತ್ತಿ ಕುಣಿದೇಬಿಟ್ಟ! ಆ ದಿನ ಲೋಕಲ್‌ಗಳು ತಡವಾಗಿ ಓಡಿದವು, ಆದರೆ ಓಡಿದವು. ಸಂಜೆ ಮೇಲಧಿಕಾರಿ ಮಳೆಯಲ್ಲಿ ನೆನೆಯುತ್ತಲೇ ಬಂದು ಮೋರಿ ನೋಡಿ ಕೇಳಿದರು: “ಮುಂದಿನ ಬೇಸಿಗೆಗೆ ಯಾವ ಸ್ಟೇಷನ್?”

ಈಗ ಎಸಿ ಲೋಕಲ್, ಇನ್ನೂ ಉದ್ದದ ಗಾಡಿ ಎಂದು ಎಲ್ಲರೂ ಮಾತಾಡುತ್ತಾರೆ. ಬರಲಿ, ನನಗೂ ಸಂತೋಷವೇ. ಆದರೆ ನನ್ನ ಕೆಲಸ ಕಲಿಸಿದ್ದು ಇಷ್ಟು: ಮಳೆಯಲ್ಲಿ ಜನ ನಮ್ಮ ಮಾತು ನಂಬಬೇಕಾದರೆ, ಬೇಸಿಗೆಯಲ್ಲೇ ಅವರ ಕಾಲಡಿಯ ನೆಲವನ್ನು ಗಟ್ಟಿ ಮಾಡಿರಬೇಕು.